ತಂಬೂರಿಯ ಪಕ್ಕದ ಇನ್ನೊಂದು ಪಂಚಮ

ನನ್ನ ಕೈಯಾರೆ ಕಟ್ಟಿದ ಆಂಪ್ಲಿಫೈಯರಿಗೆ ಮೊದಲ ಬಾರಿ ಸ್ಪೀಕರ್ ಜೋಡಿಸಿ, ಒಂದು ಹಳೆಯ ಕಛೇರಿಯ ಧ್ವನಿಮುದ್ರಣವನ್ನು ಹಾಕಿದ ರಾತ್ರಿ, ಗಾಯಕರು ಬಾಯಿ ತೆರೆಯುವ ಮೊದಲೇ ಏನೋ ಸರಿಯಿಲ್ಲ ಎನ್ನಿಸಿತು. ತಂಬೂರಿಯ ಮೊದಲ ತಂತಿ ಮಿಡಿದಾಗಲೆಲ್ಲ ಅದರ ಪಕ್ಕದಲ್ಲೇ ಇನ್ನೊಂದು ಪಂಚಮ, ತುಸು ಏರಿದ ಶ್ರುತಿಯಲ್ಲಿ, ಗುಂಯ್‌ಗುಡುತ್ತಿತ್ತು; ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ತೂಗಾಡುತ್ತಿದ್ದವು. ಸಿ ಶ್ರುತಿಯ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಅದು ಎಸಿಯನ್ನು ಡಿಸಿಯಾಗಿಸುವ ಡಯೋಡ್ ಬ್ರಿಡ್ಜನ್ನು ಹಾದು ಬಂದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಅಂದರೆ ತಂಬೂರಿಗೆ ಜೊತೆ ಕೊಡುತ್ತಿದ್ದುದು ನನ್ನದೇ ಪವರ್ ಸಪ್ಲೈ.

ಆ ಗುಂಯ್‌ಕಾರದ ಬೆನ್ನು ಹತ್ತಿ ಕಳೆದ ಕೆಲವು ತಿಂಗಳಲ್ಲಿ ನನಗೆ ಮೂಡಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರು ಐಸಿ (ಇಡೀ ಸರ್ಕ್ಯೂಟನ್ನು ಒಳಗೊಂಡ ಚಿಪ್) ಯಾವುದು, ಕೆಪಾಸಿಟರ್ ಯಾವ ಕಂಪನಿಯದು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅವೆಲ್ಲವನ್ನೂ ಹೊತ್ತು ಕುಳಿತ ತಾಮ್ರದ ಹಲಗೆಯೂ, ಅಂದರೆ ಸರ್ಕ್ಯೂಟ್ ಬೋರ್ಡೂ, ಒಂದು ಬಿಡಿಭಾಗವೇ ಎಂಬುದನ್ನು, ಅದೂ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡಬಲ್ಲ ಬಿಡಿಭಾಗ ಎಂಬುದನ್ನು, ಮರೆಯುತ್ತಾರೆ. ನಾನೂ ಮರೆತಿದ್ದೆ.

ನಾನು ಆರಿಸಿಕೊಂಡಿದ್ದು ಎಲ್‌ಎಂ3886 ಎಂಬ ಐಸಿಯನ್ನು. ಮೂಲದಲ್ಲಿ ಇದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯದು; 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡ ಮೇಲೆ ಅವರ ಹೆಸರಿನಲ್ಲಿ ಬರುತ್ತಿದೆ. ಹನ್ನೊಂದು ಕಾಲುಗಳ ಈ ಒಂದೇ ತುಣುಕು, ಧನ ಮತ್ತು ಋಣ 28 ವೋಲ್ಟ್ ಕೊಟ್ಟರೆ, 8 ಓಮ್‌ನ ಸ್ಪೀಕರಿಗೆ 38 ವ್ಯಾಟ್ ಕೊಡುತ್ತದೆ. ಸಂತೆಯ ಡಬ್ಬಗಳ ಮೇಲೆ ಅಂಟಿಸಿರುವ 'ಪಿಎಂಪಿಒ 2000 ವ್ಯಾಟ್' ಎಂಬ, ಕ್ಷಣಮಾತ್ರದ ಗರಿಷ್ಠವನ್ನು ಉಬ್ಬಿಸಿ ಹೇಳುವ ಚೀಟಿಗಳನ್ನು ನೋಡಿ ಬೆಳೆದವರಿಗೆ 38 ಎಂಬುದು ಬಡಕಲಾಗಿ ಕಾಣಬಹುದು. ಆದರೆ ನಡುಮನೆಯ ಕಿಟಕಿ ಗಾಜು ಅದುರಲು ಇದು ಧಾರಾಳವಾಗಿ ಸಾಕು, ಮತ್ತು ಇದು ನಿಜವಾದ ವ್ಯಾಟ್. ಬೇಕಾದ ಇತರ ಭಾಗಗಳೂ ಹೆಚ್ಚಿಲ್ಲ: 20-0-20 ವೋಲ್ಟ್‌ನ ಒಂದು ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್, ಒಂದು ಬ್ರಿಡ್ಜ್, ಎರಡು ದೊಡ್ಡ ಕೆಪಾಸಿಟರ್, ಒಂದು ಹಿಡಿ ರೆಸಿಸ್ಟರ್, ಐಸಿಯ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಶನಿವಾರ ಅಲೆದರೆ ಮುಗಿಯಿತು.

ಬೋರ್ಡನ್ನು ಕೀಕ್ಯಾಡ್ ತಂತ್ರಾಂಶದಲ್ಲಿ ನಾನೇ ಬರೆದೆ. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್, ಅಂದರೆ ಎಲ್ಲ ವೋಲ್ಟೇಜುಗಳನ್ನೂ ಅಳೆಯುವ ಸೊನ್ನೆಯ ನೆಲೆ, ಒಂದು ಪುಟ್ಟ ಚಿಹ್ನೆ. ಹತ್ತು ಕಡೆ ಹಾಕಿದರೂ ಹತ್ತೂ ಒಂದೇ ಬಿಂದು ಎಂದು ಅರ್ಥ. ಚಿತ್ರದ ಗೆರೆಗೆ ಉದ್ದವಿಲ್ಲ, ಅಗಲವಿಲ್ಲ, ರೋಧವಿಲ್ಲ. ನಾನು ಆ ಹತ್ತನ್ನೂ ಎಲ್ಲಿ ಹತ್ತಿರವಾಯಿತೋ ಅಲ್ಲಿ ತಾಮ್ರಕ್ಕೆ ಸೇರಿಸಿದೆ, ತಂತ್ರಾಂಶ ತನ್ನ ಪರೀಕ್ಷೆ ನಡೆಸಿ 'ದೋಷ ಸೊನ್ನೆ' ಎಂದಿತು, ನಾನು ನಂಬಿದೆ. ಸೇರಬೇಕಾದದ್ದು ಸೇರಿದೆಯೇ ಎಂದಷ್ಟೇ ಅದು ನೋಡುತ್ತದೆ; ಯಾವ ದಾರಿಯಲ್ಲಿ ಸೇರಿದೆ ಎಂದು ಕೇಳುವುದಿಲ್ಲ.

ಗುಂಯ್‌ಕಾರ ಕೇಳಿಸಿದಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಆ ಏರಿಳಿತವನ್ನು ತಗ್ಗಿಸುವ 4,700 ಮೈಕ್ರೋಫ್ಯಾರಡ್‌ನ ಕೆಪಾಸಿಟರುಗಳನ್ನು ಕಿತ್ತು, ದುಬಾರಿಯಾದ 10,000ದವನ್ನು ಹಾಕಿದೆ. ಸದ್ದು ಕಡಿಮೆಯಾಗಲಿಲ್ಲ, ಇನ್ನಷ್ಟು ಚೂಪಾಯಿತು. ಕಾರಣ ಆಮೇಲೆ ತಿಳಿಯಿತು. ಕೆಪಾಸಿಟರ್ ದೊಡ್ಡದಾದಷ್ಟೂ ಅದು ವಿದ್ಯುತ್ತನ್ನು ಕಡಿಮೆ ಹೊತ್ತಿನಲ್ಲಿ, ದೊಡ್ಡ ಗುಟುಕುಗಳಲ್ಲಿ ಕುಡಿಯುತ್ತದೆ. ಆ ಗುಟುಕುಗಳು ಹರಿಯುವುದು ಎರಡು ಕೆಪಾಸಿಟರುಗಳನ್ನು ಕೂಡಿಸುವ ನಡುವಿನ ತಾಮ್ರದ ಪಟ್ಟಿಯಲ್ಲಿ. ನಾನು ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು ಆ ಪಟ್ಟಿಯ ಒಂದು ತುದಿಯಿಂದಲೂ, ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ತಂದು ಇನ್‌ಪುಟ್ಟಿನೊಂದಿಗೆ ಹೋಲಿಸಲು ಇರುವ ಫೀಡ್‌ಬ್ಯಾಕ್ ರೆಸಿಸ್ಟರಿನ ಗ್ರೌಂಡನ್ನು ಇನ್ನೊಂದು ತುದಿಯಿಂದಲೂ ತೆಗೆದಿದ್ದೆ.

ಪಟ್ಟಿ 2 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್; ಅದರಲ್ಲಿ ಯಾವ ಗಾತ್ರದ ಚೌಕಕ್ಕೂ ರೋಧ ಸುಮಾರು ಅರ್ಧ ಮಿಲಿಓಮ್. ನನ್ನ ಪಟ್ಟಿ ನಾಲ್ಕು ಚೌಕ, ಅಂದರೆ ಎರಡು ಮಿಲಿಓಮ್. ಹಾಡಿಲ್ಲದೆ ಸುಮ್ಮನೆ ಕುಳಿತಾಗಲೂ ಗುಟುಕು ಒಂದು ಆಂಪಿಯರನ್ನು ಮುಟ್ಟುತ್ತದೆಂದುಕೊಂಡರೆ ಎರಡು ಮಿಲಿವೋಲ್ಟ್. ಆಂಪ್ಲಿಫೈಯರ್ ಅದನ್ನೂ ಸಂಗೀತವೆಂದೇ ಭಾವಿಸಿ ಇಪ್ಪತ್ತು ಪಟ್ಟು ಹಿಗ್ಗಿಸಿ, ಸ್ಪೀಕರಿನಲ್ಲಿ 40 ಮಿಲಿವೋಲ್ಟ್ ಮಾಡಿ ಉಣಬಡಿಸುತ್ತದೆ. ರಾತ್ರಿ ಹನ್ನೊಂದರ ನಿಶ್ಶಬ್ದದಲ್ಲಿ ಅಷ್ಟು ಬೇಕಾದಷ್ಟಾಯಿತು. ಬೆರಳ ತುದಿಯಷ್ಟು ತಾಮ್ರ ಮಾಡಿದ ಕೆಲಸವಿದು.

ಹಿಂದಿನವರ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಜಾಲಹಳ್ಳಿಯ ಬಿ.ಇ.ಎಲ್. ಮುದ್ರೆಯಿದ್ದ 2ಎನ್3055 ಟ್ರಾನ್ಸಿಸ್ಟರ್ ಹಾಕಿ ಆಂಪ್ಲಿಫೈಯರ್ ಕಟ್ಟುತ್ತಿದ್ದ ಕಾಲದವರು ತಾಮ್ರದ ಹಲಗೆಯ ಮೇಲೆ ಇನಾಮೆಲ್ ಪೇಂಟಿನಲ್ಲೋ ಉಗುರುಬಣ್ಣದಲ್ಲೋ ಗೆರೆ ಎಳೆದು, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ, ಉಳಿದ ತಾಮ್ರವನ್ನು ಕರಗಿಸುತ್ತಿದ್ದರು. ಅಂಥ ಹಳೆಯ ಬೋರ್ಡುಗಳಲ್ಲಿ ಗ್ರೌಂಡಿನ ದಾರಿಗಳು ಎತ್ತಿನ ಗಾಡಿ ಹೋಗುವಷ್ಟು ಅಗಲ. ಅದು ಜ್ಞಾನವೋ, ಕುಂಚದಿಂದ ಸಣ್ಣ ಗೆರೆ ಬರುವುದಿಲ್ಲವೆಂಬ ಅನಿವಾರ್ಯತೆಯೋ, ಫಲ ಮಾತ್ರ ಒಳ್ಳೆಯದೇ ಆಗುತ್ತಿತ್ತು. ಈಗಿನ ತಂತ್ರಾಂಶ ಹೇಳದೆ ಕೇಳದೆ ಕಾಲು ಮಿಲಿಮೀಟರಿನ ಆಸುಪಾಸಿನ ಗೆರೆ ಎಳೆದುಕೊಡುತ್ತದೆ. ಗಡಿಯಾರಕ್ಕೆ ಅದು ಸರಿ. ಆಂಪಿಯರುಗಟ್ಟಲೆ ಹರಿಯುವ ಕಡೆಗಲ್ಲ.

ಎರಡನೆಯ ಬೋರ್ಡಿಗೆ ಮೂರು ವಾರ ಹಿಡಿಯಿತು. ಈ ಸಲ ಗುಟುಕುಗಳೆಲ್ಲ ಎರಡು ಕೆಪಾಸಿಟರುಗಳ ನಡುವೆಯೇ ಮುಗಿಯಬೇಕು, ಅಲ್ಲಿಂದ ಒಂದೇ ಅಗಲವಾದ ಕವಲು ಹೊರಟು ಒಂದು ಬಿಂದುವಿಗೆ ಬರಬೇಕು, ಸ್ಪೀಕರಿನ ಗ್ರೌಂಡೂ ಇನ್‌ಪುಟ್ಟಿನ ಗ್ರೌಂಡೂ ಆ ಬಿಂದುವಿನಲ್ಲಷ್ಟೇ ಭೇಟಿಯಾಗಬೇಕು ಎಂದು ನಿಯಮ ಹಾಕಿಕೊಂಡೆ. ಫೀಡ್‌ಬ್ಯಾಕ್ ರೆಸಿಸ್ಟರಿನ ಕಾಲು ಇನ್‌ಪುಟ್ಟಿನ ಗ್ರೌಂಡಿಗೆ ಅಂಟಿಕೊಂಡೇ ಇರಬೇಕು, 0.1 ಮೈಕ್ರೋಫ್ಯಾರಡಿನ ಪುಟ್ಟ ಕೆಪಾಸಿಟರುಗಳು ಐಸಿಯ ಕಾಲುಗಳ ಬುಡದಲ್ಲೇ ಕೂರಬೇಕು. ತಯಾರಿಕೆಗೆ ಕಳಿಸುವ ಮೊದಲು ವಿನ್ಯಾಸವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಮುದ್ರಿಸಿ, ಥರ್ಮೋಕೋಲಿನ ಮೇಲಿಟ್ಟು, ಐಸಿಯ ಹನ್ನೊಂದು ಕಾಲುಗಳನ್ನೂ ಚುಚ್ಚಿ ನೋಡಿದೆ. ಬ್ರಿಡ್ಜಿನ ತೂತುಗಳು ಎರಡು ಮಿಲಿಮೀಟರ್ ಹತ್ತಿರವಾಗಿದ್ದವು. ಐದು ರೂಪಾಯಿಯ ಕಾಗದ ಹದಿನೈದು ದಿನ ಉಳಿಸಿತು.

ಆದರೂ ಮೊದಲ ಸಲ ವಿದ್ಯುತ್ ಕೊಟ್ಟಾಗ ಎಡವಿದೆ. ಹೊಸದಾಗಿ ಕಟ್ಟಿದ್ದನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸದೆ, 60 ವ್ಯಾಟಿನ ಹಳೆಯ ಬುರುಡೆ ಬಲ್ಬನ್ನು ಸರಣಿಯಲ್ಲಿಟ್ಟು ಕೊಡುವುದು ರೂಢಿ. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ನನ್ನದು ಮಿಂಚಿ ಹಾಗೆಯೇ ಉರಿಯುತ್ತ ನಿಂತಿತು. ಎಲ್‌ಎಂ3886ರ ಬೆನ್ನಿನ ಲೋಹ ಋಣ ವೋಲ್ಟೇಜಿಗೆ ಸೇರಿರುತ್ತದೆ. ಅದಕ್ಕೂ ಹೀಟ್‌ಸಿಂಕಿಗೂ ನಡುವೆ ಅಭ್ರಕದ ಹಾಳೆ ಬೇಕೇ ಬೇಕು. ಹಾಳೆ ಇಟ್ಟಿದ್ದೆ, ಸ್ಕ್ರೂವಿಗೆ ತೊಡಿಸಬೇಕಾದ ಪ್ಲಾಸ್ಟಿಕ್ ಬುಷ್ ಮಾತ್ರ ಮೇಜಿನ ಮೇಲೆಯೇ ಉಳಿದಿತ್ತು. ಬಲ್ಬಿಲ್ಲದಿದ್ದರೆ ಫ್ಯೂಸ್ ಹಾರುವ ಮೊದಲು ಇನ್ನೇನೇನು ಹಾರುತ್ತಿತ್ತೋ.

ಗುಂಯ್‌ಕಾರದ ಬಗ್ಗೆ ಗೋಳು ತೋಡಿಕೊಂಡಾಗ ಅನುಭವಸ್ಥರೆನಿಸಿಕೊಂಡವರೊಬ್ಬರು, 'ಪ್ಲಗ್ಗಿನ ದಪ್ಪ ಪಿನ್ನು ಕಿತ್ತು ಬಿಡಿ, ಸದ್ದು ನಿಲ್ಲುತ್ತದೆ' ಎಂದು ಸಲಹೆ ಕೊಟ್ಟಿದ್ದರು. ಈ ಸಲಹೆಯನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ. ಆ ಪಿನ್ನು ಅರ್ಥ್. ಟ್ರಾನ್ಸ್‌ಫಾರ್ಮರಿನ ತಂತಿಯ ನಿರೋಧಕ ಹೊದಿಕೆ ಎಂದಾದರೂ ಸುಟ್ಟರೆ ಲೋಹದ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ. ಆಗ ಫ್ಯೂಸನ್ನು ಹಾರಿಸಿ, ಪೆಟ್ಟಿಗೆ ಮುಟ್ಟಿದವರನ್ನು ಉಳಿಸುವುದು ಅದೊಂದೇ. ಹೌದು, ಕೆಲವೊಮ್ಮೆ ಅದನ್ನು ತೆಗೆದರೆ ಸದ್ದು ನಿಲ್ಲುತ್ತದೆ. ಗ್ರೌಂಡಿನ ದಾರಿ ತಪ್ಪಾಗಿದೆ ಎಂಬುದಕ್ಕೆ ಅದು ಪುರಾವೆ, ಪರಿಹಾರವಲ್ಲ.

ಈಗ ಅದೇ ಧ್ವನಿಮುದ್ರಣ ಹಾಕಿದರೆ ಪಂಚಮ ಒಂದೇ ಇದೆ. ಹೊಸ ಬೋರ್ಡಿನ ಮೇಲೆ ಕುಳಿತಿರುವುದು ಮೊದಲಿನ ಅಗ್ಗದ 4,700ರ ಕೆಪಾಸಿಟರುಗಳೇ. ಎಡಗಡೆಯ ಸ್ಪೀಕರಿಗೆ ಕಿವಿ ಆನಿಸಿದರೆ ಮಾತ್ರ 50 ಹರ್ಟ್ಸಿನ ಒಂದು ಸಣ್ಣ ಗೊಣಗು ಉಳಿದಿತ್ತು. ಅದು ತಾಮ್ರದ ದೋಷವಲ್ಲ, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ್ದು. ನಟ್ಟು ಸಡಿಲಿಸಿ, ಮಗಳನ್ನು ಸ್ಪೀಕರಿನ ಮುಂದೆ ಕೂರಿಸಿ, ಹೊರಗಿನಿಂದ ಟ್ರಾನ್ಸ್‌ಫಾರ್ಮರನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದೆ. ಕಾಲು ಸುತ್ತಿನ ಹತ್ತಿರ ಬಂದಾಗ 'ಅಪ್ಪಾ, ಹೋಯ್ತು' ಎಂದಳು. ಆ ಜಾಗದಲ್ಲಿ ಪೆಟ್ಟಿಗೆಯ ತಳಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ನಟ್ಟು ಬಿಗಿದಿದ್ದೇನೆ.