32 ಅಂತ ಕೊಟ್ಟು 7 ತುಂಬಿದ್ದಾನೆ, ಕೇಳಿದರೆ 'ನಿಮಗ್ಯಾಕೆ ಸಾರ್ ಅದು' ಅಂತಾನೆ

ಹಳೇ ಆಟ ಆಡುವ ಹಳೇ ಕಂಪ್ಯೂಟರಿಗೆ ಹಾಕೋಣ ಅಂತ 450 ರೂಪಾಯಿ ಕೊಟ್ಟು 32 ಜಿಬಿ ಮೆಮೊರಿ ಕಾರ್ಡ್ ತಂದೆ. ಒಳಗಿರುವುದು 7 ಜಿಬಿ ಚಿಲ್ಲರೆ. ಮೋಸ ಹೋದೆ, ಸರಿ. ದಾವಣಗೆರೆಯಲ್ಲಿ ಮೋಸ ಹೋದವರಲ್ಲಿ ನಾನೇ ಮೊದಲಿಗನಲ್ಲ. ಆದರೆ ಮೈ ಉರಿಯುತ್ತಿರುವುದು ಅದಕ್ಕಲ್ಲ. ಕಾರ್ಡ್ ಡೂಪ್ಲಿಕೇಟ್ ಕಣ್ರೀ ಅಂತ ಹೇಳಿದರೆ ಅಂಗಡಿಯವನಿಂದ ಹಿಡಿದು ನಮ್ಮ ಮನೆಯವರ ತನಕ ಎಲ್ಲರೂ ತಿರುಗಿಸಿ ಕೇಳುವುದು ಒಂದೇ ಮಾತು: "ಆ ಹಳೇ ಕಂಪ್ಯೂಟರ್ ನಿಮಗ್ಯಾಕೆ ಬೇಕು?"

ಅಲ್ಲ ಸ್ವಾಮಿ, ಹಾಲಿಗೆ ನೀರು ಬೆರೆಸಿದ್ದೀಯಲ್ಲಪ್ಪ ಅಂದರೆ "ನೀವ್ಯಾಕೆ ಕಾಫಿ ಕುಡೀತೀರಿ" ಅಂತ ಯಾರಾದರೂ ಕೇಳುತ್ತಾರಾ?

ಕಂಪ್ಯೂಟರ್ ನಮ್ಮಪ್ಪನದು. 1999ರಲ್ಲಿ ಪಿ.ಜೆ. ಬಡಾವಣೆಯಲ್ಲಿ ಡಿಟಿಪಿ ಅಂಗಡಿ ಹಾಕಿದಾಗ ಸಾಲ ಮಾಡಿ ತಂದಿದ್ದು. ಸೆಲೆರಾನ್ ಪ್ರೊಸೆಸರ್, 32 ಎಂಬಿ ರ‍್ಯಾಮ್, 4.3 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ಹಗಲೆಲ್ಲ ಪೇಜ್‌ಮೇಕರ್‌ನಲ್ಲಿ ಮದುವೆ ಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ ಕಾರ್ಡ್. ರಾತ್ರಿ ಶಟರ್ ಅರ್ಧ ಎಳೆದು ಅಪ್ಪ ಗಲ್ಲಾ ಎಣಿಸುವ ಹೊತ್ತು ನನ್ನ ಪಾಳಿ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ. ಯಾರ‍್ಯಾರದೋ ಕೈ ದಾಟಿ ಫ್ಲಾಪಿಯಲ್ಲಿ ಬಂದಿದ್ದವು. ಜೋರ್ಡನ್ ಮೆಕ್ನರ್ ಅನ್ನುವವನು 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬರೆದ ಆಟ ಹತ್ತು ವರ್ಷ ಬಿಟ್ಟು ನಮ್ಮ ಪತ್ರಿಕೆ ಅಂಗಡಿಯಲ್ಲಿ ಓಡುತ್ತಿತ್ತು. ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಪೊಟ್ಟಣ. ಕೀಬೋರ್ಡಿನಲ್ಲಿ ಬಾಣದ ಗುರುತಿನ ನಾಲ್ಕು ಕೀಗಳಿಗೆ ಮಾತ್ರ ಎಣ್ಣೆ ಜಿಡ್ಡು. ಬೆಳಗ್ಗೆ ಅಪ್ಪನಿಂದ ಬೈಗುಳ.

ಮೊಬೈಲಿನಲ್ಲೂ ಆಡಬಹುದು, ಗೊತ್ತು. ಹಳೇ ಆಟಗಳನ್ನು ಹೊಸ ಮಿಷಿನ್ನಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಅಂತ ಒಂದು ಪ್ರೋಗ್ರಾಂ ಇದೆ, ಅದೂ ಗೊತ್ತು, ದಯವಿಟ್ಟು ಇನ್ನೊಬ್ಬರು ಬಂದು ಹೇಳಬೇಡಿ. ಬೆಣ್ಣೆ ದೋಸೆ ಬೆಂಗಳೂರಲ್ಲೂ ಸಿಗುತ್ತೆ. ತಿಂದು ನೋಡಿದ್ದೀರಲ್ಲ?

ಹೋದ ವರ್ಷ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನಲು ಶುರು ಮಾಡಿತು. ಯುಗಾದಿ ಹೊತ್ತಿಗೆ ಪೂರ್ತಿ ಮಲಗಿತು. ಆ ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್ ಈಗ ಯಾರೂ ತಯಾರಿಸುವುದಿಲ್ಲ. ಗುಜರಿಯಲ್ಲಿ ಸಿಗುವುದೂ ಇಷ್ಟೇ ಮುದಿ. ಅದಕ್ಕೆ ಇರುವ ದಾರಿ ಒಂದೇ, ಡಿಸ್ಕಿನ ಜಾಗಕ್ಕೆ ಫ್ಲಾಶ್ ಮೆಮೊರಿ ಕಾರ್ಡ್ ಕೂರಿಸುವುದು. ತಿರುಗುವ ತಟ್ಟೆ ಇಲ್ಲ, ಸದ್ದಿಲ್ಲ, ಬಿಸಿ ಇಲ್ಲ. ನಮ್ಮೂರಲ್ಲಿ ಕರೆಂಟ್ ಫಕ್ಕನೆ ಹೋದರೆ ತಟ್ಟೆಗೆ ಸೂಜಿ ತಾಗೀತು ಅನ್ನುವ ಭಯವೂ ಇಲ್ಲ.

ಇದಕ್ಕೆ ಒಳ್ಳೆಯದು ಕಾಂಪ್ಯಾಕ್ಟ್ ಫ್ಲಾಶ್. ಸ್ಯಾನ್‌ಡಿಸ್ಕ್‌ನವರು 1994ರಲ್ಲಿ ತಂದ ದಪ್ಪ ಕಾರ್ಡು, ಹಿಂದೆ ದೊಡ್ಡ ಕ್ಯಾಮೆರಾಗಳಿಗೆ ಹಾಕುತ್ತಿದ್ದರಲ್ಲ, ಅದೇ. ಅದರ ಭಾಷೆಯೂ ಐಡಿಇ ಡಿಸ್ಕಿನ ಭಾಷೆಯೂ ಒಂದೇ. ನಡುವೆ ಬರೀ ಪಿನ್ ಸೇರಿಸುವ ಸಣ್ಣ ಬೋರ್ಡ್ ಇದ್ದರೆ ಸಾಕು, ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಹಾಗೇ ಕಾಣುತ್ತದೆ. ಅದನ್ನು ಹುಡುಕಿಕೊಂಡು ನಾಲ್ಕು ಫೋಟೋ ಸ್ಟುಡಿಯೋ ಹತ್ತಿ ಇಳಿದೆ. "ಅಯ್ಯೋ, ಅವನ್ನ ಯಾವಾಗ್ಲೋ ಬಿಸಾಕಿದ್ವಿ ಅಣ್ಣ" ಅಂದರು. ಸರಿ ಅಂತ ಮಾಮೂಲಿ ಎಸ್‌ಡಿ ಕಾರ್ಡೇ ಹಾಕೋಣ ಅಂದುಕೊಂಡೆ. ಅದಕ್ಕೆ ಐಡಿಇ ಭಾಷೆ ಬರುವುದಿಲ್ಲ, ನಡುವೆ ದುಭಾಷಿಯ ಕೆಲಸ ಮಾಡುವ ಚಿಪ್ ಇರುವ ಅಡಾಪ್ಟರ್ ಬೇಕು. ಆನ್‌ಲೈನಿನಲ್ಲಿ ತರಿಸಿದೆ. ಹದಿನೆಂಟು ದಿನ ಹಿಡಿಯಿತು.

ಬಂತು, ನೋಡಿದರೆ ಕೇಬಲ್ ಒಳಗೆ ಹೋಗುತ್ತಿಲ್ಲ. ಹಳೇ ಐಡಿಇ ಕೇಬಲ್ಲಿನಲ್ಲಿ 40 ತೂತಿನ ಪೈಕಿ 20ನೆಯದನ್ನು ಮುಚ್ಚಿರುತ್ತಾರೆ, ಉಲ್ಟಾ ಚುಚ್ಚಬಾರದು ಅಂತ. ಈ ಅಡಾಪ್ಟರ್ ಮಾಡಿದ ಪುಣ್ಯಾತ್ಮ 40 ಪಿನ್ನೂ ನಿಲ್ಲಿಸಿದ್ದಾನೆ. ನೇಲ್ ಕಟರ್ ತಗೊಂಡು ಒಂದು ಪಿನ್ ಕತ್ತರಿಸಿದೆ. ಆಮೇಲೆ ಕರೆಂಟ್. ಅಡಾಪ್ಟರಿಗೆ ಬೇಕಾಗಿರುವುದು ಫ್ಲಾಪಿ ಡ್ರೈವಿನ ನಾಲ್ಕು ಪಿನ್ನಿನ ಸಣ್ಣ ಪ್ಲಗ್. ಕಂಪ್ಯೂಟರಿಗೆ ಕರೆಂಟ್ ಹಂಚುವ ನಮ್ಮ ಎಸ್‌ಎಂಪಿಎಸ್ ಡಬ್ಬದಲ್ಲಿ ಅಂಥದ್ದು ಒಂದೇ ಇರುವುದು, ಅದು ಫ್ಲಾಪಿಗೇ ಹೋಗಿದೆ. ಒಂದನ್ನು ಎರಡು ಮಾಡುವ ವೈ ಕೇಬಲ್ ಬೇಕು. ಅಶೋಕ ರಸ್ತೆಯಿಂದ ಮಂಡಿಪೇಟೆ ತನಕ ಕೇಳಿದೆ. ಅಂಗಡಿ ಹುಡುಗರಿಗೆ ಫ್ಲಾಪಿ ಅಂದರೇನೆ ಗೊತ್ತಿಲ್ಲ. ಒಬ್ಬ ಹುಡುಗ ಐಸ್‌ಕ್ರೀಮಾ ಅಂತ ಕೇಳಿದ. ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ 20ರಲ್ಲೇ 2016ರಲ್ಲಿ ನಮ್ಮೂರ ಹೆಸರು ಬಂದಿತ್ತು. ಒಂದು ವೈ ಕೇಬಲ್ ಸಿಗುವುದಿಲ್ಲ ಇಲ್ಲಿ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಾಮೈದನ ಕೈಲಿ ತರಿಸಿದೆ. 260 ಕಿಲೋಮೀಟರ್ ಪ್ರಯಾಣ ಮಾಡಿ ಬಂತು 60 ರೂಪಾಯಿಯ ವೈರು. ಜೊತೆಗೆ ಉಪದೇಶವೂ ಬಂತು. "ಭಾವ, ರಾಸ್‌ಬೆರಿ ಪೈ ಅಂತ ಪುಟ್ಟ ಕಂಪ್ಯೂಟರ್ ಇದೆಯಲ್ಲ, ಅದನ್ನ ತಗೊಂಡಿದ್ರೆ ಆಗ್ತಿತ್ತಲ್ಲ. ಇದ್ಯಾಕೆ ನಿಮಗೆ?"

ಈ ಇಡೀ ಕಥೆಯಲ್ಲಿ 'ಯಾಕೆ' ಅಂತ ಕೇಳದವರು ಒಬ್ಬರೇ. ಮದರ್‌ಬೋರ್ಡಿನ ಸೆಲ್ ಸತ್ತಿತ್ತು, ಸಿಆರ್ 2032. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಕು ಮರೆತು, ಆನ್ ಆದ ಕೂಡಲೇ ಮೊದಲು ಓಡುವ ಬಯೋಸ್‌ನಲ್ಲಿ ಮಾಡಿದ ಸೆಟ್ಟಿಂಗೂ ಮರೆತು ಕೂರುತ್ತಿತ್ತು. ಮಂಡಿಪೇಟೆಯಲ್ಲಿ ಕೂರುವ ವಾಚ್ ರಿಪೇರಿ ಅಜ್ಜನ ಹತ್ತಿರ ಹೋದೆ. ಕನ್ನಡಕದ ಮೇಲಿಂದ ನೋಡಿ, ಸೆಲ್ ಒರೆಸಿ ಕೊಟ್ಟು, "ಈಗ ಟೈಮ್ ನಿಲ್ತತೇನು ನೋಡು" ಅಂದ. ಅಷ್ಟೇ. ಯಾವ ಆಟ, ಯಾವ ಕಾಲದ ಮಿಷಿನ್ನು, ಏನೂ ಕೇಳಲಿಲ್ಲ. ಕಾಲಿಗೆ ಬೀಳಬೇಕು ಅನ್ನಿಸಿತು.

ಇನ್ನು ಕಾರ್ಡು. ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಂದು ಮೊಬೈಲ್ ಅಂಗಡಿ. ನಾನು 32 ಜಿಬಿ ಕೇಳಿದೆ. "64 ತಗಳ್ಳಿ ಸಾರ್, ನೂರು ರೂಪಾಯಿ ಜಾಸ್ತಿ ಅಷ್ಟೆ" ಅಂದ. ಬೇಡ ಅಂದೆ. ಆ ಕಾಲದ ಎಷ್ಟೋ ಬಯೋಸ್‌ಗಳು 32 ಜಿಬಿ ದಾಟಿದ ಡಿಸ್ಕ್ ಕಂಡರೆ ಅಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತವೆ. ಓದಿಕೊಂಡೇ ಹೋಗಿದ್ದೆ ನಾನು, ಸುಮ್ನೆ ಹೋಗಿರಲಿಲ್ಲ. ಬಿಲ್ ಕೇಳಿದೆ. "ಮೆಮೊರಿ ಕಾರ್ಡಿಗೆಲ್ಲ ಬಿಲ್ ಏನ್ ಸಾರ್, ನಾವೆಲ್ಲಿ ಓಡಿ ಹೋಗ್ತೀವಿ" ಅಂದ. ಪೆದ್ದನ ಹಾಗೆ ನಕ್ಕು ಬಂದೆ.

ಮೊದಲ ದಿನ ಹಬ್ಬ. ಬಯೋಸ್ ಕಾರ್ಡನ್ನು ಗುರುತು ಹಿಡಿಯಿತು. ಮೂರು ಭಾಗ ಮಾಡಿದೆ. ಈ ಆಟಗಳು ಓಡುವ ಹಳೇ ಡಾಸ್ ಒಂದು ಭಾಗದಲ್ಲಿ 2 ಜಿಬಿಗಿಂತ ಜಾಸ್ತಿ ನೋಡುವುದಿಲ್ಲ, ಅದಕ್ಕೆ ಸಿ ಡ್ರೈವ್ 2 ಜಿಬಿ. ಡಿ 8 ಜಿಬಿ. ಉಳಿದಿದ್ದು ಇ. ಸಿ, ಡಿ ಎರಡನ್ನೂ ಫಾರ್ಮ್ಯಾಟ್ ಮಾಡಿ, ವಿಂಡೋಸ್ 98 ಹಾಕಿ, ಡಿಯಲ್ಲಿ ಆಟಗಳನ್ನು ತುಂಬಿದೆ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಆನ್ ಮಾಡಿ ಚಹಾ ಕುಡಿದು ಬರುತ್ತಿದ್ದೆವು, ಈಗ ಲೋಟ ತುಟಿಗೆ ತಾಗುವ ಮುಂಚೆ ಡೆಸ್ಕ್‌ಟಾಪ್ ಬಂದಿತ್ತು. ಡೇವ್ ಓಡಿದ. ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಅದನ್ನ ಯಾಕೋ ಬಿಚ್ಚಿದೆ, 38 ಸಾವಿರ ಕೊಟ್ಟಿದ್ದೆ ಅದಕ್ಕೆ" ಅಂದರು. ಇಪ್ಪತ್ತೈದು ವರ್ಷದ ಹಿಂದಿನ 38 ಸಾವಿರ ಅವರಿಗೆ ಇನ್ನೂ ಚುಚ್ಚುತ್ತಿದೆ.

ಮುಂದಿನ ಭಾನುವಾರ, ಸಿಡಿಗಳನ್ನೆಲ್ಲ ನಕಲು ಮಾಡಿ ಇಡೋಣ ಅಂತ ಇ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಡಿ ತೆರೆದರೆ ಆಟವೇ ಇಲ್ಲ. ಫೈಲ್ ಹೆಸರಿನ ಜಾಗದಲ್ಲಿ ಗ್ರೀಕ್ ಅಕ್ಷರ, ಇಸ್ಪೀಟಿನ ಗುರುತು, ಹಲ್ಲು ಕಿರಿಯುವ ನಗುಮೊಗ. ನನ್ನನ್ನೇ ಅಣಕಿಸಿದ ಹಾಗಿತ್ತು.

ಇಲ್ಲಿಂದ ನನ್ನ ಮೂರು ಭಾನುವಾರ ಹಾಳಾದವು. ಪ್ರಿನ್ಸ್‌ಗೆ ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ ಕೊಡುತ್ತಾರೆ, ನನಗೆ 60 ಗಂಟೆಯೂ ಸಾಲಲಿಲ್ಲ. ಕೇಬಲ್ ಬದಲಿಸಿದೆ. ಜಂಪರ್ ಕಿತ್ತು ಹಾಕಿದೆ. ರ‍್ಯಾಮಿಗೆ ರಬ್ಬರ್ ಹಾಕಿ ಉಜ್ಜಿದೆ. ಪಿನ್ ಕತ್ತರಿಸಿದ್ದು ನನ್ನದೇ ತಪ್ಪೇನೋ ಅಂತ ರಾತ್ರಿಯೆಲ್ಲ ಕೊರಗಿದೆ. ಕಾರ್ಡಿನ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಹೊಸದಲ್ವಾ ಅದು!

ಆಮೇಲೆ ಕಾರ್ಡನ್ನು ಅಳಿಯನ ಲ್ಯಾಪ್‌ಟಾಪಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಪುಕ್ಕಟೆ ಸಿಗುವ ಸಣ್ಣ ಪ್ರೋಗ್ರಾಂ. ಕಾರ್ಡಿನ ತುಂಬ ಏನನ್ನೋ ಬರೆದು, ಬರೆದಿದ್ದನ್ನೇ ಓದಿ ತಾಳೆ ನೋಡುತ್ತದೆ. ಬೆಳಗ್ಗೆ ತಿಂಡಿಗೆ ಮುಂಚೆ ಹಾಕಿದ್ದು, ಊಟದ ಹೊತ್ತಿಗೆ ಉತ್ತರ ಕೊಟ್ಟಿತು. 7 ಜಿಬಿ ಚಿಲ್ಲರೆ ಸರಿ ಇದೆ. ಉಳಿದಿದ್ದೆಲ್ಲ ನಾಪತ್ತೆ.

ಈ ಮೋಸದ ಕೈಚಳಕ ನೋಡಿ. ಒಳಗೆ ಸಣ್ಣ ಮೆಮೊರಿ ಇಟ್ಟು, ಅದನ್ನು ನಡೆಸುವ ಕಂಟ್ರೋಲರ್ ಚಿಪ್ಪಿಗೆ "ನಾನು 32" ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್ ಕೇಳಿದರೂ 32, ಮೊಬೈಲ್ ಕೇಳಿದರೂ 32. ನಿಜವಾದ ಜಾಗ ಮುಗಿದ ಮೇಲೆ ಬರೆದಿದ್ದು ಗಾಳಿಗೆ ಹೋಗುತ್ತದೆ, ಇಲ್ಲಾಂದ್ರೆ ಸುತ್ತಿ ಬಂದು ಮೊದಲು ಬರೆದದ್ದರ ಮೇಲೇ ಕೂರುತ್ತದೆ. ನನ್ನ ಇ ಡ್ರೈವ್ ಹಾಗೆ ಸುತ್ತಿ ಬಂದು ಡಿ ಮೇಲೆ ಕೂತಿತ್ತು. ಎಂಟೇ ಮನೆಯ ಬೀದಿಗೆ 32 ಬಾಗಿಲ ನಂಬರ್ ಬರೆದ ಹಾಗೆ. ಪೋಸ್ಟಿನವನು ತಾನೇ ಏನು ಮಾಡಿಯಾನು?

ಅಂಗಡಿಗೆ ಹೋದೆ. ಜಗಳಕ್ಕಲ್ಲ. ಬದಲಿಸಿ ಕೊಡಪ್ಪ ಅನ್ನಲು. ಅವನು ಕಾರ್ಡನ್ನು ತನ್ನ ಮೊಬೈಲಿಗೆ ಹಾಕಿ ತೋರಿಸಿದ. "ನೋಡಿ, 32 ತೋರಿಸ್ತೈತಲ್ಲ." ತೋರಿಸುತ್ತೆ ಮಾರಾಯ, ಅದೇ ಮೋಸ ಅಂದೆ. "ದಿನಾ ಐವತ್ತು ಹೋಗ್ತಾವೆ, ಒಬ್ರೂ ಕಂಪ್ಲೇಂಟ್ ತಂದಿಲ್ಲ." ಹೇಗೆ ತರುತ್ತಾರೆ? ಹಾಡು ತುಂಬಿಸಿಕೊಂಡವರು 5 ಜಿಬಿಗೆ ನಿಲ್ಲಿಸುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ. ಮಗುವಿನ ನಾಮಕರಣದ ಫೋಟೋ ತುಂಬಿದವರು ಎರಡು ವರ್ಷ ಬಿಟ್ಟು ತೆರೆದು ನೋಡಿ, "ವೈರಸ್ ಬಂದೈತೆ" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನೇ ಮೂರು ವಾರ ಬೈದುಕೊಂಡಿಲ್ಲವಾ?

ಕೊನೆಗೆ ಕೇಳಿದ. "ಅದಿರ‍್ಲಿ, ಯಾವುದಕ್ಕೆ ಹಾಕಿದ್ರಿ?" ಹೇಳಿದೆ. ಹೇಳಬಾರದಿತ್ತು. ಅಂಗಡಿಯಲ್ಲಿದ್ದ ಮೂವರೂ ನಕ್ಕರು. "ಅಯ್ಯೋ, ಆ ಕಾಲದ ಡಬ್ಬಕ್ಕೆ ಹಾಕಿದ್ರೆ ಕಾರ್ಡ್ ಸುಟ್ಟೋಗದೆ ಇರ‍್ತದಾ? ಯಾಕ್ ಸಾರ್ ನಿಮಗದು, ಗುಜರಿಗೆ ಹಾಕಿ." ತಪ್ಪು ನನ್ನ ತಲೆಗೆ ಬಂತು. ಎಷ್ಟು ನೀಟಾಗಿ ದಾಟಿಸಿದ ನೋಡಿ. ಫೋಟೋಗೆ ಹಾಕಿದ್ದೆ ಅಂತ ಸುಳ್ಳು ಹೇಳಿದ್ದರೆ ಬದಲಿಸಿ ಕೊಡುತ್ತಿದ್ದನೋ ಏನೋ.

ಮನೆಯಲ್ಲೂ ಅದೇ. ಗ್ರಾಹಕ ಕಾನೂನಿನಲ್ಲಿ, 2019ರ ಕಾಯ್ದೆಯಲ್ಲೇ, ಬಿಲ್ ಕೊಡದಿರುವುದೂ ಅನ್ಯಾಯದ ವ್ಯಾಪಾರ ಅಂತ ಬರೆದಿದೆ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದೆ. ಹೆಂಡತಿ ಚಪಾತಿ ಲಟ್ಟಿಸುತ್ತಲೇ, "450 ರೂಪಾಯಿಗೆ ಕಂಪ್ಲೇಂಟಾ? ಅದೂ ಆ ಡೇವ್ ಆಡೋಕೆ?" ಅಂದಳು. ಕಾರ್ ತಗೊಂಡು ಮೋಸ ಹೋದರೆ ಅಯ್ಯೋ ಪಾಪ, ಆಟಕ್ಕೆ ತಗೊಂಡು ಮೋಸ ಹೋದರೆ ಹಾಗೇ ಆಗಬೇಕು. ಇದು ಯಾವ ಲೆಕ್ಕ?

ಈಗ ಆ ಕಾರ್ಡನ್ನು 6 ಜಿಬಿಗೇ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಸಿ 2, ಡಿ 4, ಉಳಿದಿದ್ದಕ್ಕೆ ಕೈ ಹಚ್ಚಿಲ್ಲ. ಆಟ ಓಡುತ್ತಿವೆ. ಎಷ್ಟು ದಿನವೋ ಗೊತ್ತಿಲ್ಲ. ಒರಿಜಿನಲ್ ಕಾರ್ಡ್ ಒಂದನ್ನು ಬಿಲ್ ಸಮೇತ ಬೆಂಗಳೂರಿನಿಂದಲೇ ತರಿಸಬೇಕು, ಇನ್ನೊಂದು ಉಪದೇಶವನ್ನೂ ಜೊತೆಗೆ.

ಮೊನ್ನೆ ಶನಿವಾರ ತಡೆಯಲಾಗದೆ ಮತ್ತೆ ಆ ಅಂಗಡಿಗೆ ಹೋದೆ. ಡಿಟಿಪಿ ಅಂಗಡಿಯವನ ಮಗ ನಾನು, ಟೆಸ್ಟಿನ ಉತ್ತರವನ್ನು ಒಳ್ಳೆಯ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, 'ನಾಪತ್ತೆ' ಅನ್ನುವ ಸಾಲಿಗೆ ಕೆಂಪು ಗೆರೆ ಎಳೆದು ಕೌಂಟರ್ ಮೇಲೆ ಇಟ್ಟೆ. ಓದಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿದ್ದಳು, ಅಣ್ಣನ ಮದುವೆ ಅಂತೆ, ಕ್ಯಾಮೆರಾಗೆ ಕಾರ್ಡ್ ಬೇಕಂತೆ. "64 ತಗಳಮ್ಮ, ನೂರು ರೂಪಾಯಿ ಜಾಸ್ತಿ ಅಷ್ಟೆ" ಅಂದ. ನಾನು ಬಾಯಿ ತೆರೆಯುವ ಮುಂಚೆ ಅವಳು ಬಿಲ್ ಕೇಳಿದಳು. ಅವನು ನನ್ನ ಹಾಳೆಯನ್ನು ತಿರುಗಿಸಿ, ಹಿಂದಿನ ಖಾಲಿ ಜಾಗದಲ್ಲಿ '64 ಜಿಬಿ ಕಾರ್ಡ್ – 1 – 550' ಅಂತ ಬರೆದು, ಹರಿದು ಅವಳ ಕೈಗೆ ಕೊಟ್ಟ.