ಶಾರ್ಟ್ ಪ್ರಮಾಣ 100% ದಾಟಿದರೆ ಅದು ಮೋಸವೂ ಅಲ್ಲ, ಲಾಭದ ಖಾತರಿಯೂ ಅಲ್ಲ

‘ಸಣ್ಣ ಕಂಪನಿಯ ಷೇರುಗಳಲ್ಲಿ ಶಾರ್ಟ್ ಪ್ರಮಾಣ 100% ದಾಟಿದ್ದರೆ ನಕಲಿ ಷೇರು ಮಾರಿದ್ದಾರೆ ಎಂದರ್ಥ; ಹಿಡಿದುಕೊಂಡು ಕೂತರೆ ಬೆಲೆ ಏರಲೇಬೇಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದರ ಎರಡೂ ಭಾಗ ತಪ್ಪು. ಶಾರ್ಟ್ ಎಂದರೆ ಬೆಲೆ ಇಳಿಯುತ್ತದೆ ಎಂದು ನಂಬಿ ಷೇರು ಸಾಲ ಪಡೆದು ಮಾರಿ, ನಂತರ ಕೊಂಡು ಹಿಂದಿರುಗಿಸುವುದು; ಹೀಗೆ ಮಾರಿದ ಷೇರುಗಳು ವಹಿವಾಟಿಗೆ ಸಿಗುವ ಷೇರುಗಳಿಗೆ ಹೋಲಿಸಿದರೆ ಶೇಕಡಾ ಎಷ್ಟು ಎಂಬುದೇ ಶಾರ್ಟ್ ಪ್ರಮಾಣ.

ಒಂದೇ ಷೇರನ್ನು ಹಲವು ಸಲ ಸಾಲ ಕೊಡಬಹುದು. ‘ಅ’ನ 100 ಷೇರುಗಳನ್ನು ‘ಬ’ ಸಾಲ ಪಡೆದು ‘ಕ’ನಿಗೆ ಮಾರುತ್ತಾನೆ. ‘ಕ’ನ ಬ್ರೋಕರ್ ಅದನ್ನೇ ‘ಡ’ನಿಗೆ ಸಾಲ ಕೊಟ್ಟರೆ, ಅವನೂ ಮಾರುತ್ತಾನೆ. ಇರುವುದು 100 ಷೇರು, ಶಾರ್ಟ್ ಲೆಕ್ಕ 200. ತೀರಿಸುವಾಗಲೂ ಅದೇ 100 ಷೇರು ಸುತ್ತಿ ಬಂದು ಎರಡೂ ಸಾಲ ಮುಗಿಯುತ್ತದೆ.

ಇನ್ನು ಸ್ಕ್ವೀಜ್, ಅಂದರೆ ಬೆಲೆ ಏರಿದಾಗ ಶಾರ್ಟ್ ಮಾಡಿದವರು ನಷ್ಟ ತಪ್ಪಿಸಲು ಷೇರು ಕೊಳ್ಳಲು ಮುಗಿಬಿದ್ದು ಬೆಲೆ ಇನ್ನೂ ಜಿಗಿಯುವುದು. ವಹಿವಾಟಿಗೆ ಸಿಗುವ ಷೇರು ಕಡಿಮೆ ಇರುವ ಸಣ್ಣ ಕಂಪನಿಗಳಲ್ಲಿ ಅಪಾಯ ಹೆಚ್ಚು, ಇದು ನಿಜ. 10 ಲಕ್ಷ ಷೇರು ಶಾರ್ಟ್ ಆಗಿದ್ದು, ದಿನದ ಸರಾಸರಿ ವಹಿವಾಟು 2 ಲಕ್ಷವಿದ್ದರೆ, ತೀರಿಸಲು 5 ದಿನ ಎನ್ನುತ್ತಾರೆ. ಆದರೆ ಬೆಲೆ ಜಿಗಿದ ದಿನ ವಹಿವಾಟು 1 ಕೋಟಿ ಮುಟ್ಟಿದರೆ, ಆ 10 ಲಕ್ಷ ಷೇರು ಬೆಳಗಿನ ಹೊತ್ತಿಗೇ ಖರೀದಿಯಾಗಿ ಹೋಗಬಹುದು. ಹೊರಗಿನವರಿಗೆ ಅದು ಗೊತ್ತಾಗುವುದು ಶಾರ್ಟ್ ಲೆಕ್ಕದ ವರದಿ ಬಂದ ಮೇಲೆ, ಅಂದರೆ ತಡವಾಗಿ.

ಜೊತೆಗೆ ಏರಿದ ಬೆಲೆಗೆ ಕಂಪನಿಯೇ ಹೊಸ ಷೇರು ಮಾರಬಹುದು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರಾಟ ಕಂಪನಿ ಗೇಮ್‌ಸ್ಟಾಪ್ 35 ಲಕ್ಷ ಷೇರು ಮಾರಿ ಸುಮಾರು 55 ಕೋಟಿ ಡಾಲರ್ ಎತ್ತಿತು. ಅದೇ ವರ್ಷ ಜನವರಿ 27ರಂದು 347 ಡಾಲರ್ ದಾಟಿ ಮುಗಿದಿದ್ದ ಆ ಷೇರು, ಫೆಬ್ರವರಿ ಮಧ್ಯದ ಹೊತ್ತಿಗೆ 50ರ ಆಸುಪಾಸಿಗೆ ಇಳಿದಿತ್ತು. ದಯವಿಟ್ಟು ಸಾಲ ಮಾಡಿ ಇಂಥ ಷೇರು ಕೊಳ್ಳಬೇಡಿ.