ಕಿವಿಯ ಗುಂಯ್‌ ಶಬ್ದಕ್ಕೆ ಬೆಳ್ಳುಳ್ಳಿ ಎಣ್ಣೆ: ಸತ್ಯಾಂಶ

ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಿವಿಗೆ ಹಾಕಿದರೆ ಕಿವಿಯ ಗುಂಯ್‌ ಶಬ್ದ ವಾಸಿ ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್‌ ಗುಂಪುಗಳಿಗೂ ಬರುತ್ತಿರುತ್ತದೆ. ಇದು ತಪ್ಪು. ಎಣ್ಣೆ ಹೋಗುವುದು ಕಿವಿತಮಟೆಯ ತನಕ; ಮಿಲ್ಲಿನ ಸದ್ದಿಗೋ ವಯಸ್ಸಿಗೋ ಸವೆಯುವ ಸೂಕ್ಷ್ಮ ಕೋಶಗಳಿರುವುದು ಅದರಾಚೆ, ಒಳಗಿವಿಯಲ್ಲಿ. ತಮಟೆ ತೂತಾಗಿದ್ದರೆ ಸೋಂಕು ತಗಲಬಹುದು, ಎಣ್ಣೆ ಬಿಸಿಯಿದ್ದರೆ ಸುಡುತ್ತದೆ. ಗುಗ್ಗೆ ಕಟ್ಟಿ ಶುರುವಾದ ಶಬ್ದ ಮಾತ್ರ ಗುಗ್ಗೆ ತೆಗೆದಾಗ ಇಳಿಯಬಹುದು; ‘ನಮಗೆ ವಾಸಿಯಾಯ್ತು’ ಎನ್ನುವವರಲ್ಲಿ ಇಂಥವರೂ ಇರುತ್ತಾರೆ.

ಇಂಥ ಸಂದೇಶ ಬಂದಾಗ ನೋಡಿ: ಎಲ್ಲ ಕಾರಣಕ್ಕೂ ಒಂದೇ ಮದ್ದು ಹೇಳುತ್ತಿದೆಯೇ? ಬರೆದವರು ಯಾರು, ಯಾವಾಗ? ಇಎನ್‌ಟಿ ವೈದ್ಯರಿಗೆ ತೋರಿಸಿ ಕೇಳಿ.

ಗುಂಯ್‌ ಶಬ್ದ ರಾತ್ರಿ ಕಾಡಿದರೆ ಫ್ಯಾನಿನಂಥ ಸದ್ದು ಇಟ್ಟುಕೊಳ್ಳಿ; ಅದು ಗುಂಯ್‌ಗಿಂತ ತುಸು ಮೆಲ್ಲಗಿರಲಿ. ಹೊರಗಿನ ಸದ್ದು ಚುಚ್ಚುತ್ತದೆಂದು ದಿನವಿಡೀ ಕಿವಿಗೆ ಹತ್ತಿ ಇಟ್ಟುಕೊಂಡರೆ ಸದ್ದು ಸಹಿಸುವ ಶಕ್ತಿ ಇನ್ನೂ ತಗ್ಗುತ್ತದೆ. ಮಿಲ್ಲು, ಡಿಜೆ, ಬೋರ್‌ವೆಲ್‌ ಲಾರಿಯಂಥ ದೊಡ್ಡ ಸದ್ದಿನ ಹತ್ತಿರ ಮಾತ್ರ ಇಯರ್‌ಪ್ಲಗ್‌ ಹಾಕಿ. ಒಂದು ಕಿವಿ ದಿಢೀರನೆ ಮಂದವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.